ರಟ್ಟಕ್ಕನ ಎರಡು ಹಿಡಿಕೆಗಳು

ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಅದನ್ನು ಬಳಸುತ್ತಿದ್ದವನು ಗಂಡ ಒಬ್ಬನೇ, ಅದೂ ಜಗಳವಾದಾಗ ಮಾತ್ರ. ಉಳಿದವರಿಗೆಲ್ಲ ಅವಳು ರಟ್ಟಕ್ಕ. ಮದುವೆಗೆ ಮುಂಚಿನಿಂದಲೂ ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ ದುಡಿದವಳು. ಬೂಟಿನ ಪೆಟ್ಟಿಗೆ, ಔಷಧಿ ಪೆಟ್ಟಿಗೆ, ಕೇಕಿನ ಪೆಟ್ಟಿಗೆ, ಯಾವುದೇ ಆಗಲಿ, ಅವಳ ಕೈ ದಾಟದೆ ಆ ಊರಿನ ಅಂಗಡಿ ಸೇರುತ್ತಿರಲಿಲ್ಲ. ಬಾಯಿ ಜೋರು, ಕೈ ಅದಕ್ಕಿಂತ ಜೋರು. "ಅವಳ ಮುಂದೆ ಗುಟ್ಟು ಹೇಳ್ಬೇಡ್ರೇ, ಹೆಸರಲ್ಲೇ ರಟ್ಟು ಇಟ್ಕೊಂಡಿದ್ದಾಳೆ" ಎಂದು ಜೊತೆಯ ಹೆಂಗಸರು ನಗಾಡುತ್ತಿದ್ದರು.

ಅವಳು ಕೂರುತ್ತಿದ್ದದ್ದು ರಟ್ಟು ಕತ್ತರಿಸುವ ಯಂತ್ರದ ಮುಂದೆ. ಆಳೆತ್ತರದ ಕಬ್ಬಿಣದ ಚೌಕಟ್ಟು. ಪಕ್ಕದಲ್ಲಿ ಬೆಲ್ಟಿನಿಂದ ತಿರುಗುವ ದೊಡ್ಡ ಗಾಲಿ. ಮೇಲೆ ಎಮ್ಮೆಯ ತಲೆಯಷ್ಟು ಗಾತ್ರದ, ಅದಕ್ಕಿಂತ ಹತ್ತುಪಟ್ಟು ಭಾರದ ಉಕ್ಕಿನ ತಲೆ. ಆ ತಲೆಯ ಅಡಿಯಲ್ಲಿ ಪೆಟ್ಟಿಗೆಯ ಆಕಾರಕ್ಕೆ ಬಗ್ಗಿಸಿ ಕೂರಿಸಿದ ಅಲಗುಗಳು. ಕೆಳಗಿನ ಹಲಗೆಯ ಮೇಲೆ ಹಾಳೆ ಇಡಬೇಕು, ಕಾಲಿನಿಂದ ಪೆಡಲು ಒತ್ತಬೇಕು. ತಲೆ ಧಡ್ಡೆಂದು ಇಳಿದು ಕತ್ತರಿಸಿ ಮೇಲೇಳುತ್ತದೆ. ಕತ್ತರಿಸಿದ್ದನ್ನು ಎಳೆದು ಹಾಕಿ ಹೊಸ ಹಾಳೆ ಇಡಬೇಕು. ಇಡು, ಒತ್ತು, ಎಳೆ. ಇಡು, ಒತ್ತು, ಎಳೆ. ಹೊತ್ತು ಮುಳುಗುವವರೆಗೂ ಇಷ್ಟೇ.

ಒಂದು ವಾರದಿಂದ ಆ ಯಂತ್ರ ಹುಚ್ಚಾಟ ಶುರು ಮಾಡಿತ್ತು. ಒಮ್ಮೆ ಒತ್ತಿದರೆ ಒಮ್ಮೊಮ್ಮೆ ತಲೆ ಎರಡು ಸಲ ಬೀಳುತ್ತಿತ್ತು. ಒಳಗಿನ ಯಾವುದೋ ಮೊಳೆ ಸವೆದಿರಬೇಕೆಂದು ರಟ್ಟಕ್ಕ ಯಜಮಾನನ ಕೋಣೆಗೆ ಹೋಗಿ ಹೇಳಿದಳು. ಯಜಮಾನ ತಂಪು ಕನ್ನಡಕದ, ಮೆದು ಮಾತಿನ ಮನುಷ್ಯ. ಯಾರ ಮೇಲೂ ದನಿ ಎತ್ತಿದವನಲ್ಲ.

"ಆಯ್ತಮ್ಮ, ಮಾಡ್ಸೋಣ. ಈ ಬೂಟಿನ ಆರ್ಡರ್ ಒಂದು ಮುಗೀಲಿ."

"ಅಷ್ಟರೊಳಗೆ ಏನಾದ್ರೂ ಆದ್ರೆ?"

"ನೀನು ಹಳಬಳು. ನಿನ್ನ ಕೈ ಯಂತ್ರಕ್ಕಿಂತ ಚುರುಕು" ಎಂದು ಅವನು ನಕ್ಕ. ಹೊಗಳಿಕೆ ಕೇಳಿ ಅವಳೂ ನಕ್ಕು ಬಂದಳು. ಆ ನಗುವಿಗಾಗಿ ಆಮೇಲೆ ಎಷ್ಟೋ ವರ್ಷ ತನ್ನನ್ನೇ ಬೈದುಕೊಂಡಳು.

ಮಾರನೆಯ ದಿನ ಮಧ್ಯಾಹ್ನದ ಊಟಕ್ಕೆ ಏಳುವ ಮೊದಲು, ಕತ್ತರಿಸಿದ ಹಾಳೆ ಎಳೆಯಲು ಕೈ ಚಾಚಿದಾಗ, ತಲೆ ಎರಡನೆಯ ಸಲ ಬಿತ್ತು. ಬಲಗೈಯ ನಡುಬೆರಳು, ಉಂಗುರದ ಬೆರಳು, ಕಿರುಬೆರಳು ಹೋದವು. ನೋವು ತಡವಾಗಿ ಬಂತು. ಮೊದಲು ಬಂದದ್ದು ಆಶ್ಚರ್ಯ: ಹಾಳೆಯ ಮೇಲೆ ಇದ್ದದ್ದು ತನ್ನದೇ ಎಂದು ನಂಬಲಾಗಲಿಲ್ಲ.

ಆಸ್ಪತ್ರೆಗೆ ಯಜಮಾನ ಹಣ್ಣಿನ ಬುಟ್ಟಿ ಹಿಡಿದು ಬಂದ. ಅದೇ ಹೊತ್ತಿಗೆ ವಿಚಾರಣೆಯ ಅಧಿಕಾರಿಯೂ ಬಂದಿದ್ದರು. ಅವಳು ಕಣ್ಣು ಮುಚ್ಚಿ ಮಲಗಿದ್ದಳು, ನಿದ್ದೆ ಬಂದಿರಲಿಲ್ಲ. ಯಜಮಾನ ಮಂಚದ ತಲೆಯ ಹತ್ತಿರ ನಿಂತು ಮೆಲುದನಿಯಲ್ಲಿ ಹೇಳಿದ:

"ತೂಕಡಿಸ್ತಿದ್ದಳು ಸಾರ್. ಮನೆಗೆಲಸ, ಕಾರ್ಖಾನೆ ಕೆಲಸ, ಎರಡೂ ಅಂದ್ರೆ ಆಗುತ್ತಾ? ಯಂತ್ರದಲ್ಲಿ ಏನೂ ದೋಷ ಇಲ್ಲ. ನಾನೇ ಪರೀಕ್ಷೆ ಮಾಡ್ಸಿದ್ದೀನಿ. ಪಾಪ."

ಅಧಿಕಾರಿ ಬರೆದುಕೊಂಡು ಹೋದರು. ಯಂತ್ರದ ಸವೆದ ಮೊಳೆಯನ್ನು ಆಗಲೇ ಬದಲಾಯಿಸಿಯೂ ಆಗಿತ್ತು. ಕಾರ್ಖಾನೆಯ ಬಾಗಿಲು ಅವಳಿಗೆ ಮುಚ್ಚಿತು. ಎರಡು ಬೆರಳಿನ ಕೈಯವಳಿಗೆ ಅಲ್ಲಿ ಏನು ಕೆಲಸ?

ಬೆರಳು ಹೋದದ್ದಕ್ಕಿಂತ ಅವಳನ್ನು ಹೆಚ್ಚಾಗಿ ಕುಕ್ಕಿದ್ದು ಆ ‘ಪಾಪ’ ಎನ್ನುವ ಮಾತು. ಸುಳ್ಳು ಹೇಳಿದನಲ್ಲ, ಹೇಳಲಿ. ಸುಳ್ಳಿನ ಮೇಲೆ ಸಕ್ಕರೆ ಬೇರೆ ಉದುರಿಸಿದ. ಪಾತ್ರೆ ತೊಳೆಯುವಾಗ, ಎಡಗೈಯಲ್ಲಿ ಗುಂಡಿ ಹಾಕಿಕೊಳ್ಳಲು ತಿಣುಕುವಾಗ, ಆ ಮಾತು ಕಿವಿಯಲ್ಲಿ ನೊಣದ ಹಾಗೆ ಗುಂಯ್‌ಗುಡುತ್ತಿತ್ತು.

"ಅವನ ಕಾರ್ಖಾನೆ ಮುಚ್ಚಿಸ್ತೀನಿ" ಎಂದು ಅವಳು ಒಂದು ದಿನ ಗಂಡನಿಗೆ ಹೇಳಿದಳು.

ಗಂಡ ಗೋಡೆಗೆ ಬಣ್ಣ ಬಳಿಯುವವನು. ಸಿಟ್ಟು ಅವನ ಸ್ವಭಾವದಲ್ಲೇ ಇರಲಿಲ್ಲ. ಏಣಿಯ ಮೇಲೆ ನಿಂತು ಕೆಲಸ ಮಾಡುವವನಿಗೆ ಸಿಟ್ಟು ಒಳ್ಳೆಯದಲ್ಲ ಎನ್ನುತ್ತಿದ್ದ. "ಹೇಗೆ? ಬೆಂಕಿ ಹಚ್ಚಿ?"

"ಬೆಂಕಿ ಹಚ್ಚಿದ್ರೆ ಅವನಿಗೆ ವಿಮೆ ಬರುತ್ತೆ. ಕೈ ಕಡಿಯದ ಯಂತ್ರ ಒಂದು ಮಾಡ್ತೀನಿ. ಆಮೇಲೆ ಯಾರು ಅವನ ಹತ್ತಿರ ಕೂತ್ಕೋತಾರೆ ನೋಡ್ತೀನಿ."

ಗಂಡ ಕುಂಚ ಒರೆಸುತ್ತ ಕೂತಿದ್ದ. ನಗಲಿಲ್ಲ. "ಕನಸು ದೊಡ್ಡದೇ. ನಮ್ಮ ಮನೆ ಬಾಗಿಲಲ್ಲಿ ತೂರುತ್ತಾ ನೋಡು" ಎಂದ.

ಮಾವ ಮಾತ್ರ ಬಿದ್ದು ಬಿದ್ದು ನಕ್ಕ. ಅವನು ಅವಳ ಸೋದರಮಾವ. ಲೇತ್ ಯಂತ್ರದ ಮುಂದೆ ಕೂದಲು ಬೆಳ್ಳಗೆ ಮಾಡಿಕೊಂಡವನು, ಎಡಗಿವಿ ಮಂದ. ಅವನ ವರ್ಕ್‌ಶಾಪ್ ಎಂದರೆ ಸುರುಳಿ ಸುರುಳಿ ಕಬ್ಬಿಣದ ಹೊಟ್ಟು, ಸುಟ್ಟ ಎಣ್ಣೆಯ ವಾಸನೆ, ಕೂರಲು ಒಂದು ಮುರುಕು ಕಾರಿನ ಸೀಟು.

"ಹಾಳೆ ಇಡೋಕೆ ಕೈ ಒಳಗೆ ಹೋಗ್ಲೇಬೇಕು. ಕೈ ಹೋದ್ಮೇಲೆ ಯಂತ್ರಕ್ಕೆ ಕಣ್ಣಿದೆಯಾ, ಇದು ರಟ್ಟು ಇದು ಕೈ ಅಂತ ನೋಡೋಕೆ?"

"ಕಣ್ಣು ಬೇಡ ಮಾವ. ತಲೆ ಬೀಳೋ ಹೊತ್ತಿಗೆ ಎರಡೂ ಕೈ ಬೇರೆ ಕಡೆ ಇದ್ರೆ ಸಾಕಲ್ವಾ? ಪೆಡಲು ಕಿತ್ತು ಹಾಕು. ಈ ಕಡೆ ಒಂದು ಹಿಡಿಕೆ, ಆ ಕಡೆ ಒಂದು ಹಿಡಿಕೆ. ಎರಡನ್ನೂ ಒಟ್ಟಿಗೆ ಎಳೆದ್ರೆ ಮಾತ್ರ ತಲೆ ಇಳೀಬೇಕು."

ಮಾವ ನಗು ನಿಲ್ಲಿಸಿ ಬಲಗಿವಿಯನ್ನು ಅವಳ ಕಡೆ ತಿರುಗಿಸಿದ. "ಸರಿ. ಆದ್ರೆ ನಿನ್ನ ಯಂತ್ರ ಯಾರೂ ಒತ್ತದೆ ತಾನೇ ಬಿತ್ತಲ್ಲ? ಅದಕ್ಕೇನು ಮಾಡ್ತೀಯ?"

ಅವಳು ಎದ್ದು ಮನೆಗೆ ಬಂದಳು. ವಾರಗಟ್ಟಲೆ ಅದನ್ನೇ ಮೆಲುಕು ಹಾಕಿದಳು. ಉತ್ತರ ಸಿಕ್ಕಿದ್ದು ಗಾಳಿಗೆ ಬಡಿದುಕೊಳ್ಳುತ್ತಿದ್ದ ಅಡುಗೆಮನೆಯ ಕಿಟಕಿಗೆ ಗಂಡ ಕಡ್ಡಿ ಕೊಟ್ಟು ನಿಲ್ಲಿಸಿದಾಗ. ತಲೆಯ ಕೆಳಗೂ ಹೀಗೇ ಒಂದು ಊರೆಗಂಬ ಇರಲಿ. ಎರಡು ಹಿಡಿಕೆ ಎಳೆದಾಗ ಆ ಕಂಬ ಪಕ್ಕಕ್ಕೆ ಸರಿಯಲಿ. ಒಂದನ್ನು ಬಿಟ್ಟರೂ ಸ್ಪ್ರಿಂಗು ಅದನ್ನು ಮತ್ತೆ ತಂದು ನಿಲ್ಲಿಸಲಿ. ಆಗ ಒಳಗೆ ಯಾವ ಮೊಳೆ ಸವೆದರೇನು, ತಲೆ ಬೀಳಬೇಕೆಂದರೂ ಬೀಳಲಾರದು. ಬೆಲ್ಟು ಜಾರಿ ಗಾಲಿ ಸುಮ್ಮನೆ ತಿರುಗೀತು.

ಹೇಳುವುದು ಸುಲಭ. ಮುಚ್ಚಿಹೋದ ನೋಟ್‌ಬುಕ್ ಕಾರ್ಖಾನೆಯೊಂದರಿಂದ ತುಕ್ಕು ಹಿಡಿದ ಯಂತ್ರವನ್ನು ಗುಜರಿಯ ತೂಕಕ್ಕೆ ತಂದರು. ಅವಳ ಕಿವಿಯಲ್ಲಿದ್ದದ್ದು, ಕೊರಳಲ್ಲಿದ್ದದ್ದು ಆ ತುಕ್ಕಿಗೆ ಹೋಯಿತು. ಟೈರಿನ ಪಂಕ್ಚರ್ ಅಂಗಡಿಯ ಹಿಂದೆ ತಗಡಿನ ಶೆಡ್ಡೊಂದು ಬಾಡಿಗೆಗೆ ಸಿಕ್ಕಿತು. ಸೀಮೆಎಣ್ಣೆಯಲ್ಲಿ ನೆನೆಸಿ, ಉಜ್ಜಿ, ಒಂದೊಂದೇ ಬೋಲ್ಟು ಬಿಚ್ಚಿದರು. ಎಡಗೈಯಲ್ಲಿ ಸ್ಪ್ಯಾನರ್ ಹಿಡಿಯಲು, ಬಲಗೈಯ ಎರಡು ಬೆರಳಲ್ಲಿ ನಟ್ಟು ತಿರುಗಿಸಲು ಅವಳು ಕಲಿತಳು. ಸುಸ್ತಾಗಿ ಕೂತಾಗಲೆಲ್ಲ ಮನಸ್ಸಿನಲ್ಲೇ ‘ಪಾಪ’ ಎಂದುಕೊಳ್ಳುತ್ತಿದ್ದಳು. ಕುದುರೆಗೆ ಚಾಟಿ ಬಿದ್ದ ಹಾಗೆ ಎದ್ದುಬಿಡುತ್ತಿದ್ದಳು.

ಮೊದಲನೆಯ ಊರೆಗಂಬ ತಲೆಯ ಏಟಿಗೆ ಬಾಳೆದಿಂಡಿನ ಹಾಗೆ ಬಗ್ಗಿತು. ಎರಡನೆಯದು ಬಗ್ಗಲಿಲ್ಲ, ಸೀಳಿ ಒಂದು ಚೂರು ಮಾವನ ಹಣೆ ಸವರಿಕೊಂಡು ಹೋಯಿತು. ಮಾವ ಹಣೆಗೆ ಪಟ್ಟಿ ಕಟ್ಟಿಕೊಂಡು, "ನಿನ್ನ ಸೇಡಿಗೆ ನನ್ನ ತಲೆ ಬಲಿ ಕೊಡ್ತೀಯೇನೇ" ಎಂದು ಬೈದ. ಮಾರನೆಯ ದಿನ ರೈಲಿನ ಹಳಿಯ ತುಂಡೊಂದನ್ನು ಹೊತ್ತು ತಂದ. ಅದರಿಂದ ಕೊರೆದ ಕಂಬ ನಿಂತಿತು. ಆದರೆ ಸ್ಪ್ರಿಂಗು ಸೋಮಾರಿ; ಹಿಡಿಕೆ ಬಿಟ್ಟ ಮೇಲೆ ಆಕಳಿಸಿಕೊಂಡು ಬರುತ್ತಿತ್ತು. ಅವಳು ಬೆರಳಿನ ಬದಲು ಮೂಲಂಗಿ ಇಟ್ಟು ಪರೀಕ್ಷೆ ಮಾಡುತ್ತಿದ್ದಳು. ಕತ್ತರಿಸಿದ ಮೂಲಂಗಿಯನ್ನು ಬಿಸಾಡುವ ಹಾಗಿಲ್ಲ. "ನಿನ್ನ ಯಂತ್ರ ಗೆಲ್ಲೋವರೆಗೂ ನಮಗೆ ಬೇರೆ ಪಲ್ಯ ಇಲ್ಲ" ಎಂದು ಗಂಡ ಅಲವತ್ತುಕೊಂಡ.

ಒಂದು ದಿನ ಅವನು ಕುಂಬಳಕಾಯಿಯೊಂದಕ್ಕೆ ಬಣ್ಣದಲ್ಲಿ ತಂಪು ಕನ್ನಡಕ ಬರೆದು, ತೆಳು ಮೀಸೆ ಎಳೆದು, ಯಂತ್ರದ ಹಲಗೆಯ ಮೇಲೆ ಕೂರಿಸಿದ. "ತಗೋ, ಸಮಾಧಾನ ಮಾಡ್ಕೋ." ರಟ್ಟಕ್ಕ ಎರಡೂ ಹಿಡಿಕೆ ಹಿಡಿದು ಜಗ್ಗಿದಳು. ಕುಂಬಳಕಾಯಿ ಅಂಗಳದವರೆಗೂ ಹಾರಿತು. ಮಾವ, ಗಂಡ ಹೊಟ್ಟೆ ಹಿಡಿದು ನಕ್ಕರು. ಅವಳು ನಗಲಿಲ್ಲ. ಬೀಜಗಳನ್ನು ಒರೆಸುತ್ತ, "ಇನ್ನೊಂದು ಇದೆಯಾ?" ಎಂದು ಕೇಳಿದಳು. ಗಂಡನ ನಗು ಅಲ್ಲೇ ಇಂಗಿತು.

ಕೊನೆಗೆ ಮೂಲಂಗಿಗಳು ಉಳಿಯತೊಡಗಿದವು. ಹೇಗೆ ಮೋಸ ಮಾಡಿದರೂ, ಒಂದು ಕೈಯಲ್ಲಿ ಎಳೆದು ಇನ್ನೊಂದನ್ನು ಒಳಗೆ ಚಾಚಿದರೂ, ತಲೆ ಕಂಬದ ಮೇಲೆ ಕೂತು ಗೊಣಗುತ್ತಿತ್ತೇ ಹೊರತು ಇಳಿಯುತ್ತಿರಲಿಲ್ಲ.

ಆದರೆ ಯಜಮಾನನಿಂದ ಪೆಟ್ಟಿಗೆ ಕೊಳ್ಳುತ್ತಿದ್ದ ಬೂಟಿನಂಗಡಿಯವನು ಬಂದು ನೋಡಿ ತಲೆಯಾಡಿಸಿದ. "ಎಲ್ಲಾ ಸರಿ ಅಕ್ಕ. ಹಾಳೆ ಇಟ್ಟು, ಕೈ ತೆಗೆದು, ಹಿಡಿಕೆ ಹಿಡಿದು, ಎಳೆದು, ಮತ್ತೆ ಬಿಟ್ಟು... ಅವರಲ್ಲಿ ಇದರ ಎರಡರಷ್ಟು ಆಗುತ್ತೆ. ನಿಮ್ಮ ಕೈ ಕಥೆ ಕೇಳಿ ಅಯ್ಯೋ ಅನ್ಸುತ್ತೆ. ಆದ್ರೆ ಅಯ್ಯೋ ಅಂದ್ಕೊಂಡು ಬೂಟು ಮಾರೋಕಾಗುತ್ತಾ?"

ಅವನು ಹೇಳಿದ್ದು ನ್ಯಾಯವಾಗಿತ್ತು. ಅದಕ್ಕೇ ಅವಳಿಗೆ ಉರಿದುಹೋಯಿತು. ಸುರಕ್ಷಿತ ಯಂತ್ರ ಮಾಡುವುದರಿಂದ ಸೇಡು ತೀರುವುದಿಲ್ಲ, ಅದು ಯಜಮಾನನ ಯಂತ್ರಕ್ಕಿಂತ ಬೇಗ ಓಡಬೇಕು. ಒಂದು ಸಂಜೆ ಉದ್ಯಾನದ ಜಾರುಬಂಡೆಯ ಪಕ್ಕದ ಬೆಂಚಿನ ಮೇಲೆ ಕೂತು ಮಂಕಾಗಿ ನೋಡುತ್ತಿದ್ದಾಗ, ಮಕ್ಕಳು ಒಂದರ ಹಿಂದೊಂದು ಜಾರುತ್ತಿದ್ದವು. ಕೆಳಗೆ ಬಿದ್ದ ಮಗು ಏಳದಿದ್ದರೆ ಹಿಂದಿನದು ಬಂದು ಅದನ್ನು ನೂಕುತ್ತಿತ್ತು. ಅವಳು ಎದ್ದು ನೇರ ಮಾವನ ವರ್ಕ್‌ಶಾಪಿಗೆ ನಡೆದಳು. ಹಾಳೆಗಳನ್ನು ಇಳಿಜಾರಿನ ಹಲಗೆಯ ಮೇಲೆ ಒಟ್ಟಿದರು. ಹಿಡಿಕೆ ಬಿಟ್ಟಾಗ ಮೇಲಿನ ಹಾಳೆ ತಾನೇ ಜಾರಿ ಒಳಗೆ ಬರುವಂತೆ, ಬರುವಾಗ ಕತ್ತರಿಸಿದ್ದನ್ನು ಆಚೆ ತಳ್ಳುವಂತೆ ಮಾಡಿದರು. ಮೊದಲ ದಿನಗಳಲ್ಲಿ ಹಾಳೆಗಳು ಒಂದಕ್ಕೊಂದು ಅಂಟಿಕೊಂಡು ಎರಡೆರಡು ಇಳಿದವು, ಅಡ್ಡಾದವು, ಮುದುಡಿದವು. ಹಲಗೆಯ ಇಳಿಜಾರು ಹೆಚ್ಚಿಸಿದರು, ತಗ್ಗಿಸಿದರು, ತಗಡು ಬಡಿದರು, ಕಿತ್ತರು, ಮೇಣ ತಿಕ್ಕಿದರು. ಗಂಡ ಬಣ್ಣದ ಕೆಲಸದಿಂದ ಬಂದವನು ಸಂಜೆ ಸಂಜೆ ಹಲಗೆ ಉಜ್ಜುತ್ತಿದ್ದ. ಎರಡು ಮಳೆಗಾಲ ಹೀಗೇ ಕಳೆದವು. ಇಡುವುದೂ ಇಲ್ಲ, ಎಳೆಯುವುದೂ ಇಲ್ಲ, ಬರೀ ಹಿಡಿಕೆ ಎಳೆ, ಬಿಡು ಎನ್ನುವಂತಾದ ದಿನ ಅವಳು ಬೂಟಿನಂಗಡಿಯವನನ್ನು ಕರೆಸಿದಳು. ಅವನು ನಿಂತು ನೋಡಿದ. ಚಹಾ ತಣ್ಣಗಾಗುವವರೆಗೂ ನೋಡಿದ. "ಯಾವಾಗಿಂದ ಕೊಡ್ತೀರ?" ಎಂದು ಕೇಳಿದ.

ಅಲ್ಲಿಂದ ಮುಂದಿನದನ್ನು ಅವಳು ಲೆಕ್ಕಾಚಾರದಿಂದಲೇ ಮಾಡಿದಳು. ಮೊದಲ ಆರ್ಡರಿನ ದುಡ್ಡಿಗೆ ಇನ್ನೂ ಕೆಲವು ಗುಜರಿ ಯಂತ್ರ ತಂದು ಹಿಡಿಕೆ ಹಾಕಿದಳು. ಅಗ್ಗದ ಜಾಗ ಊರಲ್ಲಿ ಬೇಕಾದಷ್ಟಿತ್ತು, ಆದರೆ ಅವಳು ಹಿಡಿದದ್ದು ಯಜಮಾನನ ಕಾರ್ಖಾನೆಯ ಗೇಟಿಗೆ ಎದುರಾಗಿದ್ದ ಮಳಿಗೆ. ಅವನು ಬೆಳಿಗ್ಗೆ ಕಾರಿನಿಂದ ಇಳಿದರೆ ಮೊದಲು ಕಾಣಬೇಕಾದದ್ದು ಅವಳ ಫಲಕ. ಗಂಡನ ಕೈಯಿಂದಲೇ ಬರೆಸಿದಳು, ಕೆಂಪು ಅಕ್ಷರದಲ್ಲಿ: ‘ಇಲ್ಲಿ ಹತ್ತು ಬೆರಳು ತಂದವರು ಹತ್ತೂ ತೆಗೆದುಕೊಂಡು ಮನೆಗೆ ಹೋಗುತ್ತಾರೆ.’

"ಇಷ್ಟು ಖಾರ ಬೇಕಾ?" ಎಂದ ಗಂಡ, ಏಣಿಯ ಮೇಲಿಂದ.

"ಅಕ್ಷರ ಇನ್ನೂ ದಪ್ಪ ಮಾಡು."

ಯಜಮಾನನ ಹತ್ತಿರ ಯಾರು ಚುರುಕು, ಯಾರು ಮೈಗಳ್ಳರು ಎಂಬುದು ಅವಳಿಗೆ ಗೊತ್ತಿತ್ತು. ಚುರುಕಿನವರನ್ನು ಒಬ್ಬೊಬ್ಬರನ್ನಾಗಿ ಕರೆದುಕೊಂಡಳು. ಮೊದಲು ಅಂಟು ಹಚ್ಚುವವಳು, ಆಮೇಲೆ ಅಚ್ಚು ಕೂರಿಸುವವನು, ಆಮೇಲೆ ಯಂತ್ರದ ಹೆಂಗಸರು. ಹಲ್ಲು ಕೀಳುವ ಹಾಗೆ, ನಿಧಾನವಾಗಿ, ಒಂದು ಕಿತ್ತ ನೋವು ಆರುವ ಮೊದಲು ಇನ್ನೊಂದು. ಬೂಟಿನ ಆರ್ಡರ್ ಹೋಯಿತು, ಕೇಕಿನ ಆರ್ಡರ್ ಹೋಯಿತು. ಸಂಜೆ ಅವಳು ಮಳಿಗೆಯ ಮುಂದೆ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತ ಎದುರಿನ ಗೇಟನ್ನು ನೋಡುತ್ತಿದ್ದಳು. ಆ ಚಹಾದಷ್ಟು ರುಚಿಯಾದದ್ದನ್ನು ಅವಳು ಜನ್ಮದಲ್ಲಿ ಕುಡಿದಿರಲಿಲ್ಲ.

ಒಂದು ದಿನ ಯಜಮಾನ ತಾನೇ ರಸ್ತೆ ದಾಟಿ ಬಂದ. ಕನ್ನಡಕ ತೆಗೆದು ಒರೆಸಿಕೊಂಡ. ದನಿ ಅದೇ ಮೆದು.

"ಆದದ್ದು ಆಗಿಹೋಯ್ತಮ್ಮ. ನಿನ್ನ ಹಿಡಿಕೆ, ಆ ಊರೆಗಂಬ, ನಮ್ಮ ಯಂತ್ರಗಳಿಗೂ ಹಾಕಿಸಿಕೊಡು. ನೀನು ಕೇಳಿದ್ದು ಕೊಡ್ತೀನಿ. ಹೆಂಗಸರು ಕೂರೋಕೆ ಹೆದರ್ತಿದ್ದಾರೆ."

ರಟ್ಟಕ್ಕ ಕುರ್ಚಿಯಿಂದ ಏಳಲಿಲ್ಲ. ಕಣ್ಣು ಅರ್ಧ ಮುಚ್ಚಿ, ತಲೆಯನ್ನು ಒಮ್ಮೆ ಎದೆಯ ಕಡೆ ತೂಗಿಸಿದಳು.

"ನಾನೀಗ ತೂಕಡಿಸ್ತಿದ್ದೀನಿ. ಪಾಪ. ಇನ್ನೊಂದಿನ ಬನ್ನಿ."

ಮಳಿಗೆಯೊಳಗಿನ ಹೆಂಗಸರು ಕಿಸಕ್ಕೆಂದರು. ಅವನ ಮುಖ ಕೆಂಪಾಯಿತು, ಆಮೇಲೆ ಬಿಳಿಚಿತು. ಇನ್ನೊಂದು ದಿನವೂ ಬಂದ. ಅವಳು ಮತ್ತೆ ತೂಕಡಿಸಿದಳು.

ಮಾವ ಅದನ್ನು ಕಂಡು ಮುಖ ಸಿಂಡರಿಸಿದ. "ಅವನಿಗೆ ಕೊಡ್ಬೇಡ, ಸರಿ. ಆದ್ರೆ ಆ ಯಂತ್ರದ ಮುಂದೆ ಕೂರೋದು ಅವನಲ್ಲ ಕಣೇ."

"ಕೂರೋರು ಇಲ್ಲಿಗೆ ಬರ್ಲಿ."

"ಎಲ್ಲರಿಗೂ ಇಲ್ಲಿ ಜಾಗ ಇದೆಯಾ?"

ಇರಲಿಲ್ಲ. ಅದು ಅವಳಿಗೂ ಗೊತ್ತಿತ್ತು. ಕೆಲಸ ಕೇಳಿಕೊಂಡು ಬಂದ ಒಬ್ಬಳನ್ನು ಅವಳೇ ವಾಪಸ್ಸು ಕಳಿಸಿದ್ದಳು; ಸಣ್ಣ ಮೈಕಟ್ಟಿನ, ಪಟಪಟ ಮಾತಿನ ಹೆಣ್ಣು, ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಕಾಯಿಲೆಯ ತಾಯಿ, ಬೇರೆ ದಿಕ್ಕಿಲ್ಲ. "ಸದ್ಯಕ್ಕೆ ಜಾಗ ಇಲ್ಲ ತಾಯಿ" ಎಂದಿದ್ದಳು ರಟ್ಟಕ್ಕ. ಗುಬ್ಬಿ ರಸ್ತೆ ದಾಟಿ ಎದುರಿನ ಗೇಟಿನೊಳಗೆ ಹೋದದ್ದನ್ನು ಅವಳು ಕುರ್ಚಿಯಿಂದಲೇ ನೋಡಿದ್ದಳು.

ಗುಬ್ಬಿಯ ಎರಡು ಬೆರಳಿನ ತುದಿ ಹೋದದ್ದು ಒಂದು ಬೆಳಗ್ಗೆ. ಕಿರುಚಾಟ ರಸ್ತೆಯ ಈಚೆಗೂ ಕೇಳಿತು. ರಟ್ಟಕ್ಕನ ಕೈಯಲ್ಲಿದ್ದ ಚಹಾ ಲೋಟ ಹಾಗೇ ನಿಂತಿತು. ಅವಳಿಗೆ ಮೊದಲು ಅನ್ನಿಸಿದ್ದು, ಈಗ ಅವನು ಮುಳುಗಿದ ಎಂದು. ಅನ್ನಿಸಿದ ಮರುಕ್ಷಣ, ಏನು ಅನ್ನಿಸಿತು ಎಂಬುದು ಅರಿವಾಗಿ ಉಳಿದ ಚಹಾವನ್ನು ಮಣ್ಣಿಗೆ ಚೆಲ್ಲಿದಳು.

ಆಸ್ಪತ್ರೆಯಲ್ಲಿ ತಾನೂ ಮಲಗಿದ್ದ ಅದೇ ಹಸಿರು ಗೋಡೆಯ ಕೋಣೆ. ಗುಬ್ಬಿ ಕೈಗೆ ಬಟ್ಟೆ ಸುತ್ತಿಸಿಕೊಂಡು ದಿಂಬಿಗೆ ಒರಗಿದ್ದಳು. ರಟ್ಟಕ್ಕನನ್ನು ಕಂಡು ಕೇಳಿದಳು.

"ಅಕ್ಕ, ನಿಮ್ಮ ಹತ್ರ ಆ ಹಿಡಿಕೆ ಕೇಳೋಕೆ ಅವರು ಬಂದಿದ್ರಂತೆ, ಹೌದಾ?"

"ಹೌದು."

"ಎರಡು ಸಲ?"

"ಎರಡು ಸಲ."

"ಎಲ್ರೂ ನಗಾಡಿದ್ರಂತೆ."

ಗುಬ್ಬಿ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು.

ಹೊರಗೆ ಮೆಟ್ಟಿಲ ಮೇಲೆ ಗಂಡ ಕೂತಿದ್ದ. ಅವಳು ಪಕ್ಕದಲ್ಲಿ ಕುಸಿದಳು. "ಅವನು ಬರ್ತಾನೆ. ಈಗ ಕಾಲಿಗೆ ಬೀಳ್ತಾನೆ. ಬಿದ್ದಾಗ ಹೇಳ್ತೀನಿ, ಹಿಡಿಕೆ ಬೇಕಾದ್ರೆ ನಿಜ ಒಪ್ಕೋ ಅಂತ. ನನ್ನದೂ, ಇವಳದೂ."

"ಮತ್ತೆ ಬೆಲೆ ಕಟ್ತೀಯಾ?" ಎಂದ ಗಂಡ. ಅಷ್ಟೇ ಅಂದದ್ದು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವನು ಅವಳ ಮುಖ ನೋಡದೆ ಮಾತಾಡಿದ್ದು ಅದೇ ಮೊದಲು.

ಮಾರನೆಯ ದಿನ ಹಗಲು ಹೊತ್ತಿನಲ್ಲಿ, ಎಲ್ಲರೂ ನೋಡುತ್ತಿರುವಾಗ, ಅವಳು ಮಾವನೊಡನೆ ರಸ್ತೆ ದಾಟಿದಳು. ತಳ್ಳುಗಾಡಿಯ ತುಂಬ ಹಿಡಿಕೆ, ಸ್ಪ್ರಿಂಗು, ಹಳಿಯ ಕಂಬ. ಯಜಮಾನ ಕೋಣೆಯಿಂದ ಓಡಿಬಂದ.

"ಎಷ್ಟಾಗುತ್ತೆ ಹೇಳು—"

"ಮಾತಾಡ್ಬೇಡಿ. ನಿಮ್ಮ ದನಿ ಕೇಳಿದ್ರೆ ಕೈ ನಡುಗುತ್ತೆ, ಬೋಲ್ಟು ಸರಿಯಾಗಿ ಕೂರಲ್ಲ."

ಮೂರು ದಿನ ಯಂತ್ರಗಳು ನಿಂತಿದ್ದವು. ಅವಳು, ಮಾವ ಒಂದೊಂದಕ್ಕೂ ಹೊಂದಿಸಿದರು. ತಾನು ಕೂರುತ್ತಿದ್ದ ಯಂತ್ರವನ್ನು ಕೊನೆಗಿಟ್ಟುಕೊಂಡಳು. ಅದರ ಪೆಡಲನ್ನು ತಾನೇ ಬಿಚ್ಚಿ, ಅಂಗಳಕ್ಕೆ ಎಸೆದಳು. ಕೆಲಸ ಮುಗಿದ ಮೇಲೆ ಗೋಡೆಯ ಹತ್ತಿರ ನಿಂತಿದ್ದ ಹೆಂಗಸರಿಗೆ ಹೇಳಿದಳು: "ಇನ್ನು ಇವು ಕಚ್ಚಲ್ಲ. ನನ್ನ ಕೆಲಸ ಮುಗೀತು. ಕೂರೋದು ಬಿಡೋದು ನಿಮ್ಮಿಷ್ಟ. ಗುಬ್ಬಿ ವಿಚಾರಣೆಗೆ ಅಧಿಕಾರಿ ನಾಳೆ ಬರ್ತಾರಂತೆ. ನಿಮ್ಮ ಯಜಮಾನರು ಏನು ಹೇಳ್ತಾರೋ ಕೇಳ್ಕೊಂಡು ಆಮೇಲೆ ಕೂತ್ಕೊಳ್ಳಿ ಬೇಕಾದ್ರೆ."

ಹೆಂಗಸರು ಕೂರಲಿಲ್ಲ. ಮಾರನೆಯ ದಿನವೂ ಗೋಡೆಗೆ ಒರಗಿ, ಕೈಕಟ್ಟಿ ನಿಂತೇ ಇದ್ದರು. ಒಪ್ಪಿಸಬೇಕಾದ ಮಾಲು ಅರ್ಧ ಕತ್ತರಿಸಿ ಬಿದ್ದಿತ್ತು. ಅಧಿಕಾರಿ ಬಂದರು. ಯಜಮಾನ ಕನ್ನಡಕ ಒರೆಸಿದ. "ಆ ಹುಡುಗಿ ಸ್ವಲ್ಪ..." ಎಂದು ಶುರು ಮಾಡಿದ. ಸುತ್ತ ನೋಡಿದ. ಯಾರೂ ಕದಲಲಿಲ್ಲ. ಬಾಗಿಲಲ್ಲಿ ರಟ್ಟಕ್ಕ ನಿಂತಿದ್ದಳು, ಬಲಗೈಯನ್ನು ಎಲ್ಲರಿಗೂ ಕಾಣುವ ಹಾಗೆ ಚೌಕಟ್ಟಿನ ಮೇಲಿಟ್ಟು.

"ಯಂತ್ರದಲ್ಲಿ ದೋಷ ಇತ್ತು" ಎಂದ ಅವನು.

"ಕೇಳಿಸ್ಲಿಲ್ಲ" ಎಂದ ಮಾವ, ಮಂದ ಕಿವಿ ಮುಂದೆ ಮಾಡಿ.

"ಯಂತ್ರದಲ್ಲಿ ದೋಷ ಇತ್ತು. ನಂಗೆ ಗೊತ್ತಿತ್ತು. ಹುಡುಗಿಯದೇನೂ ತಪ್ಪಿಲ್ಲ."

"ನನ್ನದು?" ಎಂದಳು ರಟ್ಟಕ್ಕ.

ಯಜಮಾನ ನೆಲ ನೋಡಿದ. "ಅವಳು ತೂಕಡಿಸ್ತಿರಲಿಲ್ಲ. ಹಿಂದಿನ ದಿನ ಬಂದು ಹೇಳಿದ್ದಳು. ನಾನೇ ಮಾಡಿಸ್ಲಿಲ್ಲ."

ಗುಟ್ಟು ಹೀಗೆ ರಟ್ಟಾಯಿತು. ಅಧಿಕಾರಿ ಬರೆದುಕೊಂಡರು. ಗುಬ್ಬಿಗೆ ಸಲ್ಲಬೇಕಾದದ್ದು ಸಂದಿತು. ಸೇಡು ತೀರಿದ ಮೇಲೆ ಮನಸ್ಸು ಖಾಲಿಯಾಗುತ್ತದೆ ಎಂದು ಜನ ಹೇಳುವುದುಂಟು. ರಟ್ಟಕ್ಕನಿಗೆ ಹಾಗೇನೂ ಆಗಲಿಲ್ಲ. ಆ ದಿನ ಅವನ ಬಗ್ಗಿದ ಕತ್ತು ನೋಡಿ ಅವಳಿಗೆ ಹೊಟ್ಟೆ ತುಂಬಾ ಉಂಡ ಹಾಗಾಯಿತು. ವರ್ಷ ತುಂಬುವ ಮೊದಲೇ ಅವನು ಕಾರ್ಖಾನೆ ಮಾರಿ ಊರು ಬಿಟ್ಟ. ಆ ಸುದ್ದಿ ಬಂದ ದಿನ ಅವಳು ಮಳಿಗೆಯವರಿಗೆಲ್ಲ ಕೇಕು ತರಿಸಿ ಹಂಚಿದಳು, ತಾನೇ ಮಾಡಿದ ಪೆಟ್ಟಿಗೆಯಲ್ಲಿ.

ಆದರೆ ಅದಕ್ಕೆ ಮೊದಲೇ ಇನ್ನೊಂದು ನಡೆದಿತ್ತು. ಗಾಯ ಮಾಗಿದ ಮೇಲೆ ಗುಬ್ಬಿ ಮಳಿಗೆಗೆ ಬಂದಳು.

"ಬಾರೇ. ನಿನಗೆ ಜಾಗ ಇಟ್ಟಿದ್ದೀನಿ" ಎಂದಳು ರಟ್ಟಕ್ಕ.

"ಕೆಲಸಕ್ಕೆ ಬರ್ತೀನಿ ಅಕ್ಕ, ಬೇರೆ ದಾರಿ ಇಲ್ಲ. ಆದ್ರೆ ಅವರ ಬಾಯಲ್ಲಿ ಎಲ್ರ ಮುಂದೆ ಹೇಳಿಸಿದ್ರಲ್ಲ, ಹಾಗೇ ನಿಮ್ಮದೂ ಹೇಳ್ಬೇಕು. ಇಲ್ಲೇ. ಎಲ್ರೂ ಕೇಳೋ ಹಾಗೆ."

ಅಂಟಿನ ಡಬ್ಬದ ಮೇಲೆ ಕುಂಚ ಹಿಡಿದವಳ ಕೈ ನಿಂತಿತು. ರಟ್ಟಕ್ಕನಿಗೆ ಮೊದಲು ಬಂದದ್ದು ಸಿಟ್ಟೇ. ಎಲಾ ಇವಳ, ನಿನ್ನೆ ಮೊನ್ನೆಯವಳು! ಬಾಯಿಯವರೆಗೂ ಬಂದ ಬೈಗುಳವನ್ನು ನುಂಗಿದಳು. ಯಂತ್ರ ನಿಲ್ಲಿಸಲು ಕೈಸನ್ನೆ ಮಾಡಿದಳು. ಬೆಲ್ಟಿನ ಸದ್ದು ಅಡಗಿದ ಮೇಲೆ ಎದ್ದು ನಿಂತಳು.

"ಆ ಹಿಡಿಕೆ ನನ್ನ ಹತ್ರ ಇತ್ತು. ಅವನು ಕೇಳೋಕೆ ಬಂದ. ಅವನ ಮೇಲಿನ ಸಿಟ್ಟಿಗೆ ಕೊಡ್ಲಿಲ್ಲ. ಅಲ್ಲಿ ಯಾರು ಕೂತಿದ್ದಾರೆ ಅಂತ ಗೊತ್ತಿತ್ತು. ಗೊತ್ತಿದ್ದೂ ಕೊಡ್ಲಿಲ್ಲ."

"ಹೂಂ" ಎಂದಳು ಗುಬ್ಬಿ. ಚೀಲ ಮೊಳೆಗೆ ತಗುಲಿಸಿ ಯಂತ್ರದ ಮುಂದೆ ಹೋಗಿ ಕೂತಳು. ಕ್ಷಮಿಸಿದೆ ಎಂದು ಹೇಳಲಿಲ್ಲ. ರಟ್ಟಕ್ಕ ಕೇಳಲೂ ಇಲ್ಲ. ಮುಂದೆ ಎಷ್ಟೋ ತಿಂಗಳು ಅವಳು ರಟ್ಟಕ್ಕನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಉಳಿದವರ ಜೊತೆ ಪಟಪಟ. ರಟ್ಟಕ್ಕ ಬಂದರೆ ತುಟಿಗೆ ಹೊಲಿಗೆ. ಆ ಮೌನ ರಟ್ಟಕ್ಕನಿಗೆ ಕಬ್ಬಿಣದ ಏಟಿಗಿಂತ ಜೋರಾಗಿ ತಗುಲುತ್ತಿತ್ತು. ತನಗೆ ಬಂದ ಸಿಟ್ಟು ಎಂಥದೆಂದು ಅವಳಿಗೆ ಗೊತ್ತಿತ್ತು, ಹಾಗಾಗಿ ಗುಬ್ಬಿಯದು ಬೇಗ ಇಳಿಯಲಿ ಎಂದು ಬಯಸುವ ಧೈರ್ಯವೂ ಬರಲಿಲ್ಲ.

ಊರಲ್ಲಿ ರಟ್ಟು ಕತ್ತರಿಸುವ, ತಗಡು ಕತ್ತರಿಸುವ, ಚರ್ಮ ಕತ್ತರಿಸುವ ಯಂತ್ರಗಳು ಇನ್ನೂ ಇದ್ದವು. ಅವಕ್ಕೆಲ್ಲ ಹಿಡಿಕೆ ಕೂರಿಸಲು ರಟ್ಟಕ್ಕ ತಳ್ಳುಗಾಡಿ ಹೊರಡಿಸಿದಳು. ಮಾವನಿಗೆ ಕಾಲು ಬಾರದಾದ ಮೇಲೆ ಜೊತೆಗೆ ಹೋಗಲು ಯಾರಾದರೂ ಬೇಕಾಯಿತು. ಯಾರನ್ನೂ ಕೇಳುವ ಮೊದಲೇ ಒಂದು ಬೆಳಗ್ಗೆ ಗುಬ್ಬಿ ಗಾಡಿಯ ಇನ್ನೊಂದು ಹಿಡಿ ಹಿಡಿದು ನಿಂತಿದ್ದಳು.

ಕಬ್ಬಿಣದ ಬೀರು ಮಾಡುವ ಕಾರ್ಖಾನೆಯವನೊಬ್ಬ ಅವರನ್ನು ಗೇಟಿನಲ್ಲೇ ತಡೆದ. "ನಮ್ಮಲ್ಲಿ ಎಲ್ಲರೂ ಹಳಬರು ಕಣ್ರಮ್ಮ. ಯಾರಿಗೂ ಏನೂ ಆಗಿಲ್ಲ. ಇದೆಲ್ಲ ಬೇಡ."

ರಟ್ಟಕ್ಕ ವಾದ ಮಾಡಲಿಲ್ಲ. ಗೇಟಿನ ನಡುವೆ, ಲಾರಿ ಹೋಗದ ಹಾಗೆ ಗಾಡಿ ನಿಲ್ಲಿಸಿ, ಅದರ ಮೇಲೆ ಕೂತಳು. ಅವನು ಬೈದ, ಬೇಡಿಕೊಂಡ, ಪೊಲೀಸರನ್ನು ಕರೆಸುತ್ತೇನೆಂದ. "ಕರೆಸಿ, ಅವರೂ ಬಂದು ನೋಡ್ಲಿ" ಎಂದಳು. ಒಳಗಿನ ಕೆಲಸಗಾರರು ಒಬ್ಬೊಬ್ಬರೇ ಹೊರಗೆ ಬಂದು ಇಣುಕತೊಡಗಿದರು. ಬಿಸಿಲು ಏರಿತು. ಗುಬ್ಬಿ ಪಕ್ಕದ ಅಂಗಡಿಯಿಂದ ಕಡಲೆಕಾಯಿ ಪೊಟ್ಟಣ ಕೊಂಡು ತಂದು, ಗಾಡಿಯ ಇನ್ನೊಂದು ತುದಿಗೆ ಹತ್ತಿ ಕೂತಳು. ಸಿಪ್ಪೆ ಸುಲಿದು ತಾನು ತಿಂದಳು. ಸ್ವಲ್ಪ ಹೊತ್ತಾದ ಮೇಲೆ ಪೊಟ್ಟಣವನ್ನು ನಡುವೆ ಇಟ್ಟಳು.

"ಇವನು ಮಧ್ಯಾಹ್ನದವರೆಗೂ ಒಪ್ಪಲ್ಲ ಅನ್ಸುತ್ತೆ" ಎಂದಳು.

"ಸಂಜೆವರೆಗೂ ಒಪ್ಪದೆ ಇರ್ಲಿ" ಎಂದಳು ರಟ್ಟಕ್ಕ. "ನಂಗೇನು ಆತುರ ಇಲ್ಲ."